ಚಾಕೊಲೇಟ್ ಬಾರದ ಮನೆಯಲ್ಲಿ ಏಳು ಹುಳುಕು ಹಲ್ಲು

ಮಗು: ಗಂಡು, ವಯಸ್ಸು ಮೂರು ವರ್ಷ ಎರಡು ತಿಂಗಳು. ಮನೆಯ ಎರಡನೇ ಕೂಸು. ಬಂದ ಕಾರಣ: ಮೇಲಿನ ಮುಂಭಾಗದ ಹಲ್ಲಿನ ಮೂಲೆ ಮುರಿದಿದೆ. ಜ್ವರವಿಲ್ಲ, ಮುಖ ಊದಿಲ್ಲ. "ಎಲ್ಲೋ ಬಿದ್ದಿರಬೇಕು ಡಾಕ್ಟ್ರೇ, ನಮ್ಮ ಕಣ್ಣಿಗೆ ಬಿದ್ದಿಲ್ಲ ಅಷ್ಟೆ" ಎಂದರು ತಾಯಿ. ಮಗು ಬಿದ್ದದ್ದನ್ನು ಕಂಡವರು ಮನೆಯಲ್ಲಿ ಯಾರೂ ಇಲ್ಲ.

ಇದು ಒಂದೇ ಮಗುವಿನ ಕಡತದ ನಕಲಲ್ಲ. ಮಕ್ಕಳ ದಂತ ಚಿಕಿತ್ಸೆಯಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಂದು ಮನೆಗೆ ಹೊಂದಿಸಿ ಬರೆದಿದ್ದೇನೆ. ಯಾರ ಗುರುತೂ ಇದರಲ್ಲಿಲ್ಲ. ಹೆತ್ತವರಿಗೆ ತಿಳಿವಳಿಕೆ ಸಾಲದಿದ್ದರೆ ಮಕ್ಕಳ ಹಲ್ಲು ಕೆಡುತ್ತದೆ ಎಂಬ ನೇರ ಲೆಕ್ಕವೊಂದಿದೆಯಲ್ಲ, ಈ ಪ್ರಕರಣ ಅದಕ್ಕೆ ಒಗ್ಗುವುದಿಲ್ಲ. ಇಲ್ಲಿನ ತಂದೆತಾಯಿಗೆ ತಿಳಿದಿತ್ತು. ಸಾಕಷ್ಟೇ ತಿಳಿದಿತ್ತು.

ಬಾಯಲ್ಲಿ ಕಂಡದ್ದು

ಮೂರು ವರ್ಷದ ಮಗುವನ್ನು ದಂತವೈದ್ಯರ ಕುರ್ಚಿಯಲ್ಲಿ ಒಂಟಿಯಾಗಿ ಮಲಗಿಸಿದರೆ ಅಳು ಗ್ಯಾರಂಟಿ. ಅದಕ್ಕೇ ತಾಯಿಯೂ ನಾನೂ ಎದುರುಬದುರು ಕೂತು, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡೆವು. ಮಗುವಿನ ಸೊಂಟ ಅಮ್ಮನ ಮಡಿಲಲ್ಲಿ, ತಲೆ ನನ್ನ ತೊಡೆಯ ಮೇಲೆ. ಹೀಗೆ ಮಲಗಿದರೆ ಮಗುವಿಗೆ ಅಮ್ಮನ ಮುಖ ಕಾಣುತ್ತದೆ, ಅಮ್ಮನಿಗೆ ಮಗುವಿನ ಬಾಯಿ ಕಾಣುತ್ತದೆ. ನನಗೆ ಎರಡನೆಯದೇ ಹೆಚ್ಚು ಬೇಕಾದದ್ದು.

ಮೇಲ್ದುಟಿ ಎತ್ತಿದೆ. ನಾಲ್ಕೂ ಬಾಚಿಹಲ್ಲುಗಳ ಬುಡದಲ್ಲಿ, ಒಸಡಿನ ಅಂಚಿಗೆ ಸಮಾನಾಂತರವಾಗಿ, ಕಂದು ಬಣ್ಣದ ಪಟ್ಟಿ. ತೇವದ ಹತ್ತಿಬಟ್ಟೆಯಿಂದ ಒರೆಸಿದರೆ ಪಟ್ಟಿ ಹೋಗಲಿಲ್ಲ. ಅದರ ಬದಲು ಬೆಣ್ಣೆಯಂಥ ಮೆದು ಪದರವೊಂದು ಬಟ್ಟೆಗೆ ಅಂಟಿಕೊಂಡು ಬಂತು. ಅದು ಹಲ್ಲಿನ ಪಾಚಿ, ನಾವು ಪ್ಲಾಕ್ ಎನ್ನುವುದು. ಅದರ ಕೆಳಗಿನ ಹಲ್ಲು ಒರಟಾಗಿತ್ತು, ಗುಳಿ ಬಿದ್ದಿತ್ತು. ಬಲಗಡೆಯ ನಡುಹಲ್ಲಿನ ಮೂಲೆ ಮುರಿದದ್ದು ಬಿದ್ದು ಅಲ್ಲ. ಒಳಗಿಂದ ಟೊಳ್ಳಾದ ಹಲ್ಲು ಏನನ್ನೋ ಕಚ್ಚುವಾಗ ಕಳಚಿಕೊಂಡಿದೆ. ಅದರ ಪಕ್ಕದ ಎಡ ನಡುಹಲ್ಲಿನ ಮೇಲೆ, ಒಸಡಿನಲ್ಲಿ, ಸಾಸಿವೆ ಕಾಳಿನಷ್ಟು ಹಳದಿ ಗುಳ್ಳೆ. ಒತ್ತಿದರೆ ಕೀವು. ಆ ಹಲ್ಲಿನ ತಿರುಳು ಸತ್ತು ಎಷ್ಟೋ ದಿನವಾಗಿರಬೇಕು. ಸತ್ತ ತಿರುಳು ನೋಯುವುದಿಲ್ಲ. ಕೀವು ಹೊರಬರಲು ದಾರಿ ಸಿಕ್ಕರೆ ಮಗು ದೂರು ಹೇಳುವುದೂ ಇಲ್ಲ.

ಮೇಲಿನ ಎರಡೂ ಬದಿಯ ಮೊದಲ ದವಡೆಹಲ್ಲುಗಳಲ್ಲಿ ಗುಳಿ. ಕೆಳಗಿನ ಎಡ ಮೊದಲ ದವಡೆಹಲ್ಲಿನಲ್ಲೂ ಗುಳಿ. ಕೆಳಗಿನ ಬಲ ದವಡೆಹಲ್ಲು ಮತ್ತು ಮೇಲಿನ ಎರಡು ಕೋರೆಹಲ್ಲುಗಳಲ್ಲಿ ಸೀಮೆಸುಣ್ಣದ ಬಣ್ಣದ ಗೆರೆ. ಎರಡನೇ ದವಡೆಹಲ್ಲುಗಳು ನಾಲ್ಕೂ ಸರಿಯಾಗಿದ್ದವು. ಕೆಳಗಿನ ನಾಲ್ಕು ಬಾಚಿಹಲ್ಲುಗಳಂತೂ ಮುತ್ತು. ಒಟ್ಟು ಇಪ್ಪತ್ತು ಹಾಲುಹಲ್ಲುಗಳಲ್ಲಿ ಏಳಕ್ಕೆ ಹುಳುಕು, ಮೂರು ಹುಳುಕಿನ ಹೊಸ್ತಿಲಲ್ಲಿ.

ಈ ಹಂಚಿಕೆ ಯಾದೃಚ್ಛಿಕವಲ್ಲ. ಓದಲು ಬಂದರೆ ಇದೇ ಮಗುವಿನ ಪೂರ್ವವೃತ್ತಾಂತ. ಮೇಲಿನ ಬಾಚಿಹಲ್ಲುಗಳು ಮೂಡುವುದು ಎಂಟರಿಂದ ಹದಿಮೂರು ತಿಂಗಳ ನಡುವೆ, ಮೊದಲ ದವಡೆಹಲ್ಲುಗಳು ಹದಿಮೂರರಿಂದ ಹತ್ತೊಂಬತ್ತರ ಆಸುಪಾಸಿನಲ್ಲಿ, ಕೋರೆಹಲ್ಲುಗಳು ಆಮೇಲೆ, ಎರಡನೇ ದವಡೆಹಲ್ಲುಗಳು ಎರಡು ವರ್ಷದ ಹೊತ್ತಿಗೆ. ಯಾವ ಹಲ್ಲು ಮೊದಲು ಬಂತೋ ಅದು ಹೆಚ್ಚು ಕೆಟ್ಟಿದೆ, ತಡವಾಗಿ ಬಂದದ್ದು ಉಳಿದಿದೆ. ಎಂದರೆ ಹಾನಿ ಶುರುವಾದದ್ದು ಮಗುವಿಗೆ ಒಂದು ವರ್ಷ ತುಂಬುವ ಸುಮಾರಿಗೆ. ಹಾಗಾದರೆ ಎಲ್ಲಕ್ಕಿಂತ ಮೊದಲು ಬಂದ ಕೆಳಗಿನ ಬಾಚಿಹಲ್ಲುಗಳು ಏಕೆ ಕೆಡಲಿಲ್ಲ? ಬಾಟಲಿಯ ನಿಪ್ಪಲ್ ಚೀಪುವಾಗ ನಾಲಿಗೆ ಅವುಗಳ ಮೇಲೆ ಹಾಸಿಕೊಂಡಿರುತ್ತದೆ, ನಾಲಿಗೆಯಡಿಯ ಗ್ರಂಥಿಗಳ ಜೊಲ್ಲು ಅವನ್ನು ತೊಳೆಯುತ್ತಲೇ ಇರುತ್ತದೆ. ಮೇಲಿನ ಬಾಚಿಹಲ್ಲುಗಳಿಗೆ ಆ ಆಸರೆ ಇಲ್ಲ. ಬಾಟಲಿಯ ವಿಷಯ ನಾನು ಕೇಳುವ ಮೊದಲೇ ಬಾಯಿ ಹೇಳಿಯಾಗಿತ್ತು.

ಆರು ವರ್ಷ ತುಂಬುವ ಮೊದಲು ಒಂದೇ ಒಂದು ಹಾಲುಹಲ್ಲು ಹುಳುಕಾದರೂ ಅದನ್ನು ಎಳವೆಯ ದಂತಕ್ಷಯ ಎನ್ನುತ್ತೇವೆ. ಮೂರರ ವಯಸ್ಸಿನಲ್ಲಿ ಮೇಲಿನ ಮುಂಭಾಗದ ಹಲ್ಲಿನ ನಯವಾದ ಮೈಯಲ್ಲಿ ಒಂದು ಗುಳಿ ಬಿದ್ದರೂ ಅದು ತೀವ್ರ ಬಗೆಯದು. ಈ ಮಗುವಿನದು ಎರಡನೆಯದು. ಅಪರೂಪವೇನಲ್ಲ. ಹಾಲುಹಲ್ಲಿನ ಹುಳುಕು ಇರುವ ಮಕ್ಕಳು ಜಗತ್ತಿನಲ್ಲಿ ಸುಮಾರು 51 ಕೋಟಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಅಂದಾಜಿಸಿದೆ.

ಹೆತ್ತವರಿಗೆ ತಿಳಿದಿದ್ದದ್ದು

ಹೊಸ ಮಗು ಬಂದಾಗ ತಂದೆತಾಯಿಗೆ ಕೆಲವು ಪ್ರಶ್ನೆ ಕೇಳುವುದು ವಾಡಿಕೆ. ದಿನಕ್ಕೆ ಎಷ್ಟು ಸಲ ಹಲ್ಲುಜ್ಜಬೇಕು? ಎರಡು, ಎಂದರು ತಾಯಿ. ಸಿಹಿತಿಂಡಿಯಿಂದ ಏನಾಗುತ್ತದೆ? ಹುಳುಕು. ಹುಳುಕಿಗೆ ಕಾರಣ? ಬ್ಯಾಕ್ಟೀರಿಯಾ. ಹಾಲುಹಲ್ಲಿಗೂ ಚಿಕಿತ್ಸೆ ಬೇಕೇ? ಬೇಕು. ಆರು ತಿಂಗಳಿಗೊಮ್ಮೆ ತೋರಿಸಬೇಕೇ? ಹೌದು. ಇದು ಪರೀಕ್ಷೆಯಾಗಿದ್ದರೆ ಫಸ್ಟ್ ಕ್ಲಾಸ್.

"ಚಾಕೊಲೇಟ್ ಅಂತೂ ನಾವು ಮನೆಗೇ ತರೋದಿಲ್ಲ" ಎಂದು ತಂದೆ ಸೇರಿಸಿದರು. ಅದು ನಿಜವೇ. ನೆಂಟರು ತಂದುಕೊಟ್ಟರೂ ಮಗುವಿನ ಕೈಗೆ ಹೋಗುತ್ತಿರಲಿಲ್ಲ. ಈ ಕಟ್ಟುನಿಟ್ಟಿನ ಬಗ್ಗೆ ಅವರಿಗೆ ಸ್ವಲ್ಪ ಹೆಮ್ಮೆಯೂ ಇತ್ತು, ಇರಬೇಕಾದದ್ದೇ.

ಇಂಥ ಪ್ರಶ್ನಾವಳಿಗಳ ಬಗ್ಗೆ ನನ್ನದೊಂದು ತಕರಾರಿದೆ. ಅವು ಕೇಳುವುದು ಮಗುವಿನ ಹಲ್ಲಿನ ಬಗ್ಗೆ ದೊಡ್ಡವರಿಗೆ ಏನು ಗೊತ್ತು ಎಂದು. ರಾತ್ರಿ ಎರಡು ಗಂಟೆಗೆ ಮಗು ಎದ್ದು ಅತ್ತಾಗ ಆ ಮನೆಯಲ್ಲಿ ಏನಾಗುತ್ತದೆ ಎಂದು ಕೇಳುವುದಿಲ್ಲ. ಹೆತ್ತವರ ತಿಳಿವಳಿಕೆಗೂ ಮಕ್ಕಳ ಹುಳುಕಿಗೂ ನಂಟು ಹುಡುಕುವ ಸಮೀಕ್ಷೆಗಳು ಬೇಕಾದಷ್ಟಿವೆ. ಅವುಗಳಲ್ಲಿ ಬಹುಪಾಲು ಒಂದೇ ಹೊತ್ತಿನಲ್ಲಿ ಎರಡನ್ನೂ ಅಳೆದು ಪಕ್ಕಪಕ್ಕ ಇಟ್ಟು ನೋಡುವಂಥವು. ಅಂಕ ಕಡಿಮೆಯಿರುವ ಮನೆಗಳಲ್ಲಿ ಆದಾಯವೂ ಕಡಿಮೆ, ಬಿಡುವೂ ಕಡಿಮೆ, ದಂತವೈದ್ಯರು ದೂರ. ಹುಳುಕಿಗೆ ಇವುಗಳಲ್ಲಿ ಯಾವುದು ಕಾರಣವೆಂದು ಅಂಥ ಸಮೀಕ್ಷೆಯೊಂದರಿಂದ ಬಿಡಿಸಿ ಹೇಳಲಾಗದು.

ಪ್ರಶ್ನೆಗಳ ಹಾಳೆಯನ್ನು ಬದಿಗಿಟ್ಟು, "ನಿನ್ನೆ ಬೆಳಗ್ಗೆ ಎದ್ದಾಗಿನಿಂದ ಏನೇನಾಯಿತು ಹೇಳಿ" ಎಂದೆ.

ನಿನ್ನೆಯ ದಿನ

ತಂದೆತಾಯಿ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಹಗಲಿಡೀ ಮಗು ಅಜ್ಜಿಯ ಬಳಿ. ಅಜ್ಜಿಯೂ ಅವತ್ತು ಜೊತೆಗೆ ಬಂದಿದ್ದರು. ಇಲ್ಲದಿದ್ದರೆ ಈ ಭಾಗ ನನಗೆ ಸಿಗುತ್ತಲೇ ಇರಲಿಲ್ಲ.

ಬೆಳಗ್ಗೆ ಮಗುವೇ ಹಲ್ಲುಜ್ಜಿಕೊಂಡಿತು. ತಾಯಿ ಬ್ರಷ್ ಕೈಗೆ ಕೊಟ್ಟು ಪಕ್ಕದಲ್ಲೇ ತಲೆ ಬಾಚಿಕೊಂಡರು. ಹಾಲು, ತಿಂಡಿ. ಹತ್ತರ ಹೊತ್ತಿಗೆ ಎರಡು ಬಿಸ್ಕತ್ತು. ಊಟ ಮಾಡಲು ತಕರಾರು, ಅರ್ಧ ಗಂಟೆ ಬಾಯಲ್ಲೇ ತುತ್ತು. ಮಲಗುವಾಗ ಬಾಟಲಿ ಹಾಲು. ಎದ್ದಮೇಲೆ ಹಣ್ಣಿನ ರಸ, ಪೆಟ್ಟಿಗೆಯಲ್ಲಿ ಬರುವಂಥದ್ದು, ಸ್ಟ್ರಾ ಹಾಕಿ. ಅದನ್ನು ಆಡುತ್ತ ಆಡುತ್ತ ಒಂದು ಗಂಟೆ ಹೀರಿತು. ಸಂಜೆ ಮತ್ತೆ ಬಿಸ್ಕತ್ತು. ರಾತ್ರಿ ಊಟ, ಕಬ್ಬಿಣಾಂಶದ ಸಿರಪ್, ಆಮೇಲೆ ಬಾಟಲಿ. ನಡುರಾತ್ರಿ ಎಚ್ಚರವಾದಾಗ ಇನ್ನೊಂದು ಬಾಟಲಿ.

"ಹಾಲಿಗೆ ಏನಾದರೂ ಹಾಕ್ತೀರಾ ಅಜ್ಜಿ?"

"ಬರೀ ಹಾಲು ಕುಡಿಯಲ್ಲ ಅವನು. ಒಂದು ಚಮಚ ಸಕ್ಕರೆ."

ತಂದೆ ತಿರುಗಿ ನೋಡಿದರು. ಅವರಿಗೆ ಇದು ಗೊತ್ತಿರಲಿಲ್ಲ. ತಾಯಿಗೆ ಗೊತ್ತಿತ್ತು, ಹಾಲಿನ ಜೊತೆ ಹೋಗುವ ಸಕ್ಕರೆ ಸಿಹಿತಿಂಡಿಯ ಲೆಕ್ಕಕ್ಕೆ ಬರುತ್ತದೆಂದು ಅವರಿಗೆ ಅನ್ನಿಸಿರಲಿಲ್ಲ. ಹಾಲಿನಲ್ಲಿ ಕ್ಯಾಲ್ಸಿಯಂ ಇದೆ, ಕ್ಯಾಲ್ಸಿಯಂ ಹಲ್ಲಿಗೆ ಒಳ್ಳೆಯದು. ಈ ಮಾತು ಸುಳ್ಳೂ ಅಲ್ಲ. ಸಾದಾ ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆ ಹಲ್ಲಿಗೆ ಮಾಡುವ ಹಾನಿ ಕಡಿಮೆಯೇ. ಅದರ ಕ್ಯಾಲ್ಸಿಯಂ, ಫಾಸ್ಫೇಟ್, ಕೇಸೀನ್ ಎಂಬ ಪ್ರೋಟೀನ್ ಒಂದಿಷ್ಟು ರಕ್ಷಣೆಯನ್ನೂ ಕೊಡುತ್ತವೆ. ಸಕ್ಕರೆ ಬೆರೆತು, ಬಾಟಲಿಯಲ್ಲಿ, ನಿದ್ದೆಯ ಹೊತ್ತಿನಲ್ಲಿ ಹೋದಾಗ ಲೆಕ್ಕ ತಿರುಗುತ್ತದೆ. ನಿದ್ದೆಯಲ್ಲಿ ಜೊಲ್ಲು ಸುರಿಯುವುದು ತೀರಾ ಕಡಿಮೆಯಾಗುತ್ತದೆ, ನುಂಗುವುದೂ ನಿಧಾನವಾಗುತ್ತದೆ. ಕೊನೆಯ ಗುಟುಕು ಮೇಲಿನ ಹಲ್ಲುಗಳ ಹಿಂದೆಮುಂದೆ ಹಾಗೇ ನಿಂತುಬಿಡುತ್ತದೆ.

ಒಂದು ಸಲ ಸಿಹಿ ಬಾಯಿಗೆ ಹೋದರೆ ಕೆಲವೇ ನಿಮಿಷದಲ್ಲಿ ಪ್ಲಾಕ್‌ನ ಆಮ್ಲೀಯತೆ ಏರಿ, ಪಿಎಚ್ (ಆಮ್ಲ ಹೆಚ್ಚಿದಷ್ಟೂ ಇಳಿಯುವ ಅಳತೆ) 5.5ರ ಸುಮಾರಿನ ಗಡಿಗಿಂತ ಕೆಳಗಿಳಿಯುತ್ತದೆ. ಆಗ ಹಲ್ಲಿನ ಹೊರಕವಚದಿಂದ ಖನಿಜ ಕರಗತೊಡಗುತ್ತದೆ. ಮತ್ತೆ ಮೇಲೇರಲು ಅರ್ಧದಿಂದ ಒಂದು ಗಂಟೆ ಬೇಕು. ರಾಬರ್ಟ್ ಸ್ಟೀಫನ್ 1940ರ ದಶಕದಲ್ಲಿ ಈ ಇಳಿತ ಏರಿಕೆಯನ್ನು ಅಳೆದು ತೋರಿಸಿದರು. ಆ ನಕ್ಷೆಗೆ ಇಂದಿಗೂ ಅವರದೇ ಹೆಸರು. ಬಿಡುವು ಸಿಕ್ಕರೆ ಜೊಲ್ಲಿನಲ್ಲಿರುವ ಖನಿಜ ಹಲ್ಲಿಗೆ ವಾಪಸು ಸೇರುತ್ತದೆ. ಈ ಮಗುವಿನ ದಿನದಲ್ಲಿ ಬಿಡುವು ಎಲ್ಲಿತ್ತು? ತಿಂಡಿ, ಬಿಸ್ಕತ್ತು, ಬಾಯಲ್ಲೇ ಉಳಿದ ತುತ್ತು, ಬಾಟಲಿ, ಒಂದು ಗಂಟೆಯ ಸ್ಟ್ರಾ, ಸಿರಪ್, ಬಾಟಲಿ, ಬಾಟಲಿ. ಒಂದು ಆಮ್ಲದ ಅಲೆ ಇಳಿಯುವ ಮೊದಲೇ ಇನ್ನೊಂದು. ಹಾಲುಹಲ್ಲಿನ ಕವಚ ಶಾಶ್ವತ ಹಲ್ಲಿನದರ ಸುಮಾರು ಅರ್ಧದಷ್ಟೇ ದಪ್ಪ, ಒಂದು ಮಿಲಿಮೀಟರ್ ಕೂಡ ಇಲ್ಲ. ಅದು ಎಷ್ಟು ದಿನ ತಾಳೀತು?

ಎಷ್ಟು ಸಿಹಿ ಎನ್ನುವುದಕ್ಕಿಂತ ಎಷ್ಟು ಸಲ ಎನ್ನುವುದು ಹೆಚ್ಚು ಮುಖ್ಯ ಎಂದು ವೈದ್ಯಲೋಕಕ್ಕೆ ಖಚಿತವಾದ ಬಗೆ ಹೆಮ್ಮೆಪಡುವಂಥದ್ದಲ್ಲ. ಸ್ವೀಡನ್ನಿನ ವಿಪೆಹೋಲ್ಮ್ ಎಂಬ ಆಸ್ಪತ್ರೆಯಲ್ಲಿ, 1940ರ ದಶಕದಲ್ಲಿ ಶುರುವಾದ ಅಧ್ಯಯನವೊಂದರಲ್ಲಿ, ಬೌದ್ಧಿಕ ನ್ಯೂನತೆಯಿದ್ದ ನಿವಾಸಿಗಳಿಗೆ ಅವರ ಒಪ್ಪಿಗೆಯಿಲ್ಲದೆ ಊಟಗಳ ನಡುವೆ ಅಂಟು ಟಾಫಿ ತಿನ್ನಿಸಿ ಹಲ್ಲು ಕೆಡುವುದನ್ನು ದಾಖಲಿಸಿದರು. ಊಟದ ಜೊತೆಗೆ ಸಕ್ಕರೆ ತಿಂದವರಲ್ಲಿ ಹುಳುಕು ಅಷ್ಟಾಗಿ ಏರಲಿಲ್ಲ. ಊಟಗಳ ನಡುವೆ ಅಂಟುಸಿಹಿ ತಿಂದವರಲ್ಲಿ ವಿಪರೀತ ಏರಿತು. ಇಷ್ಟು ದೊಡ್ಡ ಬೆಲೆಗೆ ಸಿಕ್ಕ ಈ ಸಂಗತಿ ಇಂದಿಗೂ ಮನೆಗಳಿಗೆ ತಲುಪಿಲ್ಲ. ತಲುಪಿರುವುದು "ಚಾಕೊಲೇಟ್ ಕೆಟ್ಟದ್ದು" ಎಂಬ ಅದರ ತುಣುಕು ಮಾತ್ರ. ಆ ತುಣುಕನ್ನು ಈ ಮನೆ ಚಾಚೂತಪ್ಪದೆ ಪಾಲಿಸಿತ್ತು.

ತಿಳಿವಳಿಕೆಯೇ ದಾರಿ ತಪ್ಪಿಸಿದ ಎರಡು ಕಡೆ

ಮೊದಲನೆಯದು ಕಲೆ. ಒಂದೂವರೆ ವರ್ಷದ ಹೊತ್ತಿಗೆ ಮಗುವಿನ ಮುಂದಿನ ಹಲ್ಲಿನ ಬುಡದಲ್ಲಿ ಬಿಳಿ ಗೆರೆ ಕಂಡದ್ದು ತಾಯಿಗೆ ನೆನಪಿದೆ. ಹೊಸ ಹಲ್ಲು ಹಾಗೇ ಇರಬಹುದೆಂದುಕೊಂಡರು. ಎರಡರ ಹೊತ್ತಿಗೆ ಅದು ಕಂದಾಯಿತು. ಕಬ್ಬಿಣಾಂಶದ ಸಿರಪ್ ಹಲ್ಲಿಗೆ ಕಲೆ ಮಾಡುತ್ತದೆ ಎಂದು ಅವರು ಓದಿದ್ದರು. ಅದು ಸರಿಯಾದ ಮಾಹಿತಿಯೇ. ಮಗುವಿಗೆ ಸಿರಪ್ ನಡೆಯುತ್ತಲೂ ಇತ್ತು. ಸಮಾಧಾನವಾಯಿತು, ಒಂದು ವರ್ಷ ಕಳೆಯಿತು.

ಸಿರಪ್‌ನ ಕಲೆ ಹಲ್ಲಿನ ಮೈಮೇಲೆ ಕೂರುತ್ತದೆ. ಅದರ ಕೆಳಗಿನ ಹಲ್ಲು ಗಟ್ಟಿ, ನಯ. ಪಾಲಿಶ್ ಮಾಡಿದರೆ ಹೋಗುತ್ತದೆ. ಹುಳುಕಿನ ಕಂದು ಮೆದುವಾಗಿರುತ್ತದೆ, ಒರಟಾಗಿರುತ್ತದೆ, ಒಸಡಿನಂಚಿನಲ್ಲಿ ಪಾಚಿ ನಿಲ್ಲುವ ಕಡೆಯೇ ಇರುತ್ತದೆ. ಅದಕ್ಕಿಂತ ಮುಖ್ಯ, ಅದರ ಮೊದಲು ಬಿಳಿ ಗೆರೆ ಬಂದಿರುತ್ತದೆ. ಹಲ್ಲು ಒರೆಸಿ ಒಣಗಿಸಿದಾಗ ಹೊಳಪಿಲ್ಲದ ಸುಣ್ಣದ ಬಿಳುಪು ಕಂಡರೆ ಅದು ಖನಿಜ ಕಳೆದುಕೊಂಡ ಹಲ್ಲು. ಆ ಹಂತದಲ್ಲಿ ಡ್ರಿಲ್ ಬೇಡ, ಸಿಮೆಂಟ್ ಬೇಡ. ಫ್ಲೋರೈಡ್ ಸಿಕ್ಕು, ಸಿಹಿಯ ಸರದಿ ಕಡಿಮೆಯಾದರೆ ಗೆರೆ ಮತ್ತೆ ಗಟ್ಟಿಯಾಗಬಲ್ಲದು. ಈ ಪ್ರಕರಣದಲ್ಲಿ ಕೈತಪ್ಪಿದ ಅವಕಾಶ ಅದೇ. ತಾಯಿಯನ್ನು ಮಾತ್ರ ದೂರಿದರೆ ಅನ್ಯಾಯ. ಲಸಿಕೆಗೆಂದು, ಕೆಮ್ಮಿಗೆಂದು, ತೂಕ ನೋಡಲೆಂದು ಆ ಮಗು ವೈದ್ಯಕೀಯ ಸಿಬ್ಬಂದಿಯ ಮುಂದೆ ಎಷ್ಟೋ ಸಲ ಕೂತಿದೆ. ಗಂಟಲು ನೋಡಲು ಬಾಯಿ ತೆರೆಸಿದವರು ತುಟಿ ಎತ್ತಿ ನೋಡಿಲ್ಲ. ಮೊದಲ ಹುಟ್ಟುಹಬ್ಬದೊಳಗೆ ಒಮ್ಮೆ ದಂತವೈದ್ಯರಿಗೆ ತೋರಿಸಬೇಕು ಎಂಬುದು ಮಕ್ಕಳ ದಂತವೈದ್ಯ ಸಂಘಟನೆಗಳು ಬಹಳ ಕಾಲದಿಂದ ಹೇಳುತ್ತ ಬಂದ ಮಾತು. ಆದರೆ ಹೆತ್ತವರಿಗೆ ಅದನ್ನು ಯಾರು, ಯಾವಾಗ ಹೇಳಬೇಕು ಎನ್ನುವುದು ಯಾರ ಕೆಲಸವೂ ಆಗಿಲ್ಲ.

ಎರಡನೆಯದು ಪೇಸ್ಟ್. ಇಲ್ಲಿ ಅಕ್ಕನ ವಿಷಯ ಬರುತ್ತದೆ. ಎಂಟು ವರ್ಷದ ಅಕ್ಕನ ಬಾಯಲ್ಲಿ ಒಂದೂ ಹುಳುಕಿಲ್ಲ. "ಇಬ್ಬರನ್ನೂ ಒಂದೇ ಥರ ಬೆಳೆಸಿದ್ದೇವೆ, ಇವನಿಗೆ ಮಾತ್ರ ಯಾಕೆ ಹೀಗೆ?" ತಂದೆಯ ಪ್ರಶ್ನೆ. ಅವರ ಉತ್ತರವೂ ಸಿದ್ಧವಿತ್ತು: ಇವನಿಗೆ ನನ್ನ ಹಲ್ಲು ಬಂದಿದೆ, ನಮ್ಮ ವಂಶದಲ್ಲೇ ಹಲ್ಲು ಸರಿಯಿಲ್ಲ.

ಕೆದಕಿ ಕೇಳಿದರೆ ಒಂದೇ ಥರ ಬೆಳೆಸಿರಲಿಲ್ಲ. ಅಕ್ಕ ಒಂದು ವರ್ಷಕ್ಕೇ ತಾನಾಗಿ ಬಾಟಲಿ ಬಿಟ್ಟಳು. ಆಗ ಹೆತ್ತವರಿಗೆ ಇಷ್ಟೆಲ್ಲ ಗೊತ್ತಿರಲಿಲ್ಲ, ಮನೆಯವರೆಲ್ಲ ಬಳಸುವ ಫ್ಲೋರೈಡ್ ಪೇಸ್ಟನ್ನೇ ಅವಳ ಬ್ರಷ್ಷಿಗೂ ಚೂರು ಸವರುತ್ತಿದ್ದರು, ತಾಯಿಯೇ ಉಜ್ಜುತ್ತಿದ್ದರು. ತಮ್ಮನ ಕಾಲಕ್ಕೆ ಅವರು ಓದಿದ್ದು ಹೆಚ್ಚಾಗಿತ್ತು. ಮಕ್ಕಳು ಪೇಸ್ಟ್ ನುಂಗುತ್ತಾರೆ, ಫ್ಲೋರೈಡ್ ಅಪಾಯ ಎಂಬ ಎಚ್ಚರಿಕೆ ಕಣ್ಣಿಗೆ ಬಿತ್ತು. ಫ್ಲೋರೈಡ್ ಇಲ್ಲದ, ಹಣ್ಣಿನ ರುಚಿಯ ಮಕ್ಕಳ ಪೇಸ್ಟ್ ಬಂತು. ಮಗು ಸ್ವಾವಲಂಬಿಯಾಗಬೇಕೆಂದು ಬ್ರಷ್ ಅದರ ಕೈಗೇ ಹೋಯಿತು. ಮೊದಲ ಮಗುವಿಗೆ ಕಡಿಮೆ ತಿಳಿದು ಸರಿಯಾಗಿ ಮಾಡಿದ್ದರು, ಎರಡನೆಯದಕ್ಕೆ ಹೆಚ್ಚು ತಿಳಿದು ತಪ್ಪಿದರು. ಜೊತೆಗೆ, ಅಕ್ಕನ ಹಲ್ಲು ಚೆನ್ನಾಗಿರುವುದೇ ತಾವು ಬೆಳೆಸುವ ರೀತಿ ಸರಿಯಿದೆ ಎಂಬ ಪುರಾವೆಯಾಗಿ ಅವರ ಮನಸ್ಸಿನಲ್ಲಿ ಕೂತಿತ್ತು.

ನುಂಗುವ ಭಯಕ್ಕೆ ಉತ್ತರ ಪ್ರಮಾಣದಲ್ಲಿದೆ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು ಪೇಸ್ಟ್, ಮೂರರಿಂದ ಆರರವರೆಗೆ ಬಟಾಣಿ ಕಾಳಿನಷ್ಟು. 1000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ) ಫ್ಲೋರೈಡ್ ಇರುವ ಪೇಸ್ಟಿನ ಬಟಾಣಿಯಷ್ಟನ್ನು, ಎಂದರೆ ಸುಮಾರು ಕಾಲು ಗ್ರಾಮನ್ನು, ಮಗು ಪೂರ್ತಿ ನುಂಗಿದರೂ ಹೊಟ್ಟೆಗೆ ಹೋಗುವ ಫ್ಲೋರೈಡ್ 0.25 ಮಿಲಿಗ್ರಾಂ. ಕುಡಿಯುವ ನೀರಿನಲ್ಲೇ ಫ್ಲೋರೈಡ್ ಜಾಸ್ತಿಯಿರುವ ಕಡೆ, ಅಂದರೆ ಲೀಟರಿಗೆ 1.5 ಮಿಲಿಗ್ರಾಂ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಮೀರಿದ್ದರೆ, ಲೆಕ್ಕ ಬೇರೆ. ಆದ್ದರಿಂದ ನೀರಿನ ಮೂಲವನ್ನು ಕೇಳಿಯೇ ಸಲಹೆ ಕೊಡಬೇಕು. ಇವರ ನೀರಿನಲ್ಲಿ ಆ ಸಮಸ್ಯೆ ಇರಲಿಲ್ಲ.

ವಂಶದ ಮಾತಿಗೆ ನಾನು ಹೆಚ್ಚು ವಾದಿಸಲಿಲ್ಲ. ಹುಳುಕಿನಲ್ಲಿ ಅನುವಂಶೀಯತೆಯ ಪಾತ್ರ ಇಲ್ಲವೇ ಇಲ್ಲವೆಂದಲ್ಲ. ಹೆತ್ತವರ ಬಾಯಿಯ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಬ್ಯಾಕ್ಟೀರಿಯಾ ಮಗುವಿನ ಬಾಯಿಗೆ ದಾಟುವುದೂ ಉಂಟು. ಒಂದೇ ಅಡುಗೆಮನೆಯ ಅಭ್ಯಾಸಗಳು ದಾಟುವುದಂತೂ ಖಂಡಿತ. ಆದರೆ ಚಮಚ ಹಂಚಿಕೊಳ್ಳಬೇಡಿ, ಮುತ್ತು ಕೊಡಬೇಡಿ ಎನ್ನುವ ಸಲಹೆಗಳನ್ನು ನಾನು ಬೇಕೆಂದೇ ಕೊಡಲಿಲ್ಲ. ಹತ್ತು ಸಲಹೆ ಕೊಟ್ಟರೆ ಜನ ಪಾಲಿಸುವುದು ಸುಲಭವಾದ ಎರಡನ್ನು. ಆ ಎರಡರಲ್ಲಿ ರಾತ್ರಿಯ ಬಾಟಲಿ ಎಂದೂ ಇರುವುದಿಲ್ಲ.

ಚಿಕಿತ್ಸೆ

ಎಕ್ಸ್‌ರೇಯಲ್ಲಿ ಎಡ ನಡುಹಲ್ಲಿನ ಬೇರಿನ ಸುತ್ತ ಮೂಳೆ ಕರಗಿತ್ತು. ಅದನ್ನು ತೆಗೆಯಬೇಕಾಯಿತು. ಬೇರಿನ ತುದಿಯ ಸೋಂಕನ್ನು ಹಾಗೇ ಬಿಟ್ಟರೆ ಒಳಗೆ ರೂಪುಗೊಳ್ಳುತ್ತಿರುವ ಶಾಶ್ವತ ಹಲ್ಲಿನ ಕವಚಕ್ಕೂ ಏಟು ಬೀಳಬಹುದು. ಹೊಸ ಹಲ್ಲು ಬರುವುದು ಏಳರ ಸುಮಾರಿಗೆ, ಅಲ್ಲಿಯವರೆಗೆ ಖಾಲಿ. ಕೋರೆಹಲ್ಲುಗಳು ಬಂದಾಗಿರುವುದರಿಂದ ಮುಂಭಾಗದ ಜಾಗ ಕುಗ್ಗುವ ಭಯ ಕಡಿಮೆ. ನಗುವಾಗ ಕಾಣುವ ಕಿಂಡಿಯೇ ಹೆತ್ತವರಿಗೆ ದೊಡ್ಡ ಸಂಕಟವಾಗಿತ್ತು.

ಉಳಿದ ಮೂರು ಬಾಚಿಹಲ್ಲುಗಳಿಗೆ 38 ಶೇಕಡಾ ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವ ಸವರುವ ಆಯ್ಕೆ ಮುಂದಿಟ್ಟೆ. ಸೂಜಿಯಿಲ್ಲ, ಡ್ರಿಲ್ಲಿಲ್ಲ, ಬ್ರಷ್ಷಿನಿಂದ ಸವರಿದರೆ ಹುಳುಕು ಬಹಳಷ್ಟು ಸಲ ಅಲ್ಲೇ ನಿಲ್ಲುತ್ತದೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಗೂ ಸೇರಿದೆ. ತೊಂದರೆಯೆಂದರೆ ಕೆಟ್ಟ ಭಾಗ ಕಾಯಂ ಕಪ್ಪಾಗುತ್ತದೆ. ತಂದೆ ಹಿಂದೆಮುಂದೆ ನೋಡಿದರು. ಅಜ್ಜಿ, "ಕಪ್ಪಾದ್ರೆ ಆಗ್ಲಿ, ಮಗೂಗೆ ನೋವಾಗ್ಬಾರ್ದು" ಎಂದರು. ಸವರಿದೆವು, ಕೆಲವು ವಾರಗಳ ನಂತರ, ಮಗು ಬಾಯಿ ತೆರೆಯಲು ರೂಢಿಯಾದಮೇಲೆ, ಬಿಳಿ ವಸ್ತುವಿನಿಂದ ಮುಚ್ಚಿ ಆಕಾರ ಕೊಟ್ಟದ್ದಾಯಿತು.

ಮೇಲಿನ ದವಡೆಹಲ್ಲುಗಳಿಗೆ ಹಾಲ್ ವಿಧಾನದ ಸ್ಟೀಲ್ ಕ್ಯಾಪ್. ಹುಳುಕನ್ನು ಕೊರೆಯದೆ, ಹಲ್ಲು ತೇಯದೆ, ಕ್ಯಾಪ್ ಒಳಗೆ ಸಿಮೆಂಟ್ ತುಂಬಿ ಹಲ್ಲಿನ ಮೇಲೆ ಒತ್ತಿ ಕೂರಿಸುವುದು. ಒಳಗಿನ ಬ್ಯಾಕ್ಟೀರಿಯಾಕ್ಕೆ ಸಕ್ಕರೆಯ ಸರಬರಾಜು ನಿಂತರೆ ಹುಳುಕೂ ನಿಲ್ಲುತ್ತದೆ. ಮೊದಲ ಕೆಲವು ವಾರ ಕಚ್ಚು ಎತ್ತರವೆನ್ನಿಸುತ್ತದೆ, ಆಮೇಲೆ ಹೊಂದಿಕೊಳ್ಳುತ್ತದೆ. ಕೆಳಗಿನ ಎಡ ದವಡೆಹಲ್ಲಿಗೆ ಕೈಸಲಕರಣೆಯಿಂದ ಮೆದುವಾದದ್ದನ್ನು ತೆಗೆದು ಗ್ಲಾಸ್ ಅಯೊನೊಮರ್ ಎಂಬ ಸಿಮೆಂಟ್ ತುಂಬಿದೆ. ಬಿಳಿ ಗೆರೆಗಳಿಗೆ ಫ್ಲೋರೈಡ್ ವಾರ್ನಿಷ್, ಎಂದರೆ ಹಲ್ಲಿಗೆ ಹಚ್ಚುವ ಫ್ಲೋರೈಡ್ ಲೇಪ.

ಮಾತುಕತೆ

ಚಿಕಿತ್ಸೆಗಿಂತ ಇದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಕೇವಲ ಹೇಳುವುದಕ್ಕೂ ಮಾತಾಡುವುದಕ್ಕೂ ಫಲಿತಾಂಶದಲ್ಲಿ ಎಷ್ಟು ಅಂತರ ಬರುತ್ತದೆ ಎನ್ನುವುದಕ್ಕೆ 2004ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದಿದೆ. ಬ್ರಿಟಿಷ್ ಕೊಲಂಬಿಯಾದಲ್ಲಿ ನೆಲೆಸಿದ್ದ ದಕ್ಷಿಣ ಏಷ್ಯಾ ಮೂಲದ ಕುಟುಂಬಗಳ 240 ಶಿಶುಗಳನ್ನು ಎರಡು ಗುಂಪು ಮಾಡಿದರು. ಎರಡೂ ಗುಂಪಿನ ತಾಯಂದಿರಿಗೆ ಕರಪತ್ರ ಮತ್ತು ವಿಡಿಯೋ ಸಿಕ್ಕಿತು. ಒಂದು ಗುಂಪಿಗೆ ಮಾತ್ರ ಇವುಗಳ ಜೊತೆಗೆ ಒಂದು ಸಮಾಲೋಚನೆ, ಆಮೇಲೆ ಆಗಾಗ ಫೋನ್ ಕರೆ: ಉಪದೇಶವಿಲ್ಲ, ನಿಮ್ಮಿಂದ ಯಾವುದು ಸಾಧ್ಯ ಎಂದು ತಾಯಿಯೇ ಆರಿಸಿಕೊಳ್ಳುವಂತೆ ಮಾತು. ವರ್ಷದ ಕೊನೆಗೆ ಆ ಗುಂಪಿನ ಮಕ್ಕಳಲ್ಲಿ ಸರಾಸರಿ 0.71 ಹೊಸ ಹುಳುಕು, ಇನ್ನೊಂದರಲ್ಲಿ 1.91. ಎರಡೂ ಕಡೆ ಹಂಚಿದ ಮಾಹಿತಿ ಒಂದೇ ಆಗಿತ್ತು.

ತಾಯಿ ಅಷ್ಟು ಹೊತ್ತಿಗೆ ಕಣ್ಣು ಒರೆಸಿಕೊಳ್ಳುತ್ತಿದ್ದರು. ನಾಚಿಕೆಗೆ ಸಿಕ್ಕ ತಾಯಂದಿರು ಮುಂದಿನ ಸಲ ಬರುವುದೇ ಇಲ್ಲ, ಅದರಿಂದ ಮಗುವಿಗೇ ನಷ್ಟ. ಆದ್ದರಿಂದ ಸರಿಯಾಗಿ ನಡೆದದ್ದನ್ನು ಮೊದಲು ಹೇಳಿದೆ: ಚಾಕೊಲೇಟ್ ತರದಿದ್ದದ್ದು, ಮುರಿದ ಹಲ್ಲನ್ನು ಕಂಡ ಕೂಡಲೇ ಕರೆತಂದದ್ದು. ಅಜ್ಜಿಯ ಕೈಗೆ ಸಣ್ಣ ಕನ್ನಡಿ ಕೊಟ್ಟು, ಮಗುವಿನ ತುಟಿ ಎತ್ತಿ, ಕೋರೆಹಲ್ಲಿನ ಬಿಳಿ ಗೆರೆ ತೋರಿಸಿದೆ. "ಇದು ಇನ್ನೂ ಗುಳಿಯಾಗಿಲ್ಲ ಅಜ್ಜಿ, ಇದನ್ನ ಉಳಿಸಬಹುದು." ಅವರು ಕನ್ನಡಿಯನ್ನು ಬೆಳಕಿಗೆ ತಿರುಗಿಸಿ ಎರಡು ಮೂರು ಸಲ ನೋಡಿದರು. ಮನೆಯಲ್ಲಿ ಹಗಲಿಡೀ ಮಗುವಿನ ಬಾಯಿಗೆ ಏನು ಹೋಗುತ್ತದೆ ಎಂದು ನಿರ್ಧರಿಸುವವರು ಅವರು. ಹಲ್ಲಿನ ವಿಷಯ ಈವರೆಗೆ ಅವರೊಡನೆ ಯಾರೂ ಮಾತಾಡಿರಲಿಲ್ಲ, ಆಡಿದ್ದೆಲ್ಲ ಸೊಸೆಯೊಡನೆ.

"ಇದರಲ್ಲಿ ಯಾವುದನ್ನ ಈ ವಾರವೇ ಬದಲಾಯಿಸೋಕೆ ಆಗುತ್ತೆ?" ಎಂದು ಕೇಳಿದೆ. ಬಾಟಲಿ ಬಿಡಿಸಿ ಎಂದು ನಾನು ಹೇಳಲಿಲ್ಲ. ಒಂದೇ ದಿನಕ್ಕೆ ಬಿಡಿಸಿದರೆ ಮನೆಯವರ್‍ಯಾರೂ ನಿದ್ದೆ ಮಾಡಲಾರರು ಎಂದು ಅಜ್ಜಿಯೇ ಹೇಳಿದರು. ಸಕ್ಕರೆಯನ್ನು ಅರ್ಧ ಚಮಚಕ್ಕೆ, ಆಮೇಲೆ ಕಾಲು ಚಮಚಕ್ಕೆ ಇಳಿಸುವುದಾಗಿ ಒಪ್ಪಿದರು. ಅದಾದಮೇಲೆ ನಡುರಾತ್ರಿಯ ಹಾಲಿಗೆ ದಿನೇ ದಿನೇ ನೀರು ಹೆಚ್ಚಿಸುತ್ತ ಹೋಗಿ ಕೊನೆಗೆ ಬರೀ ನೀರು ಮಾಡುವುದು ನಾನು ಸೂಚಿಸಿದ ದಾರಿ. ಸಿರಪ್ಪನ್ನು ಊಟದ ಜೊತೆಗೇ ಕೊಡುವುದು. ರಸವನ್ನು ಸ್ಟ್ರಾ ಬಿಟ್ಟು ಊಟದ ಹೊತ್ತಿಗೆ ಲೋಟದಲ್ಲಿ. ರಾತ್ರಿ ಕೊನೆಯ ಹಾಲಿನ ನಂತರ ಫ್ಲೋರೈಡ್ ಪೇಸ್ಟಿನಿಂದ ಹಲ್ಲುಜ್ಜುವುದು ತಂದೆಯ ಕೆಲಸ, ಅದನ್ನು ಅವರೇ ವಹಿಸಿಕೊಂಡರು. ಮಗು ತಾನೇ ಉಜ್ಜಿಕೊಳ್ಳುವುದು ಆಟಕ್ಕೆ ಇರಲಿ. ಏಳೆಂಟು ವರ್ಷದವರೆಗೆ ಕೈ ಅಷ್ಟು ಪಳಗಿರುವುದಿಲ್ಲ, ದೊಡ್ಡವರೇ ಉಜ್ಜಬೇಕು. ಹಿಂದಿನಿಂದ ತಲೆಯನ್ನು ಎದೆಗೆ ಒರಗಿಸಿಕೊಂಡು, ಒಂದು ಬೆರಳಿನಿಂದ ತುಟಿ ಎತ್ತಿ, ಬ್ರಷ್ಷಿನ ಎಳೆಗಳು ಒಸಡಿನಂಚಿಗೆ ತಾಗುವಂತೆ. ತಂದೆಯಿಂದಲೇ ಒಮ್ಮೆ ಮಾಡಿಸಿ ನೋಡಿದೆ. ತುಟಿ ಎತ್ತುವುದನ್ನು ಮರೆತರು. ಎಲ್ಲರೂ ಮರೆಯುತ್ತಾರೆ.

ಆಮೇಲೆ

ಮೊದಲ ತಿಂಗಳ ಕೊನೆಗೆ ಸಕ್ಕರೆ ನಿಂತಿತ್ತು, ಹಾಲು ಅರ್ಧ ನೀರಾಗಿತ್ತು. ನಂತರ ಮಗುವಿಗೆ ಜ್ವರ ಬಂತು, ಊಟ ಬಿಟ್ಟಿತು, ಸಕ್ಕರೆ ಹಾಕಿದ ಬಾಟಲಿ ವಾಪಸು ಬಂತು. ಇದನ್ನು ಅಜ್ಜಿ ಫೋನಿನಲ್ಲಿ ತಾವಾಗಿಯೇ ಹೇಳಿದ್ದು ನನಗೆ ಒಳ್ಳೆಯ ಸೂಚನೆಯೆನ್ನಿಸಿತು. ಮುಚ್ಚಿಡುವವರು ಮತ್ತೆ ಶುರು ಮಾಡುವುದಿಲ್ಲ. ಜ್ವರ ಇಳಿದಮೇಲೆ ಮೊದಲಿನಿಂದ ಶುರುವಾಯಿತು, ಎರಡನೇ ಸಲ ಬೇಗ ಮುಗಿಯಿತು. ತಂದೆ ಊರಲ್ಲಿಲ್ಲದ ರಾತ್ರಿಗಳಲ್ಲಿ ಹಲ್ಲುಜ್ಜುವುದು ತಪ್ಪುತ್ತಿತ್ತು. ಅದಕ್ಕೆ ಅಕ್ಕನನ್ನು ಜ್ಞಾಪಿಸುವ ಕೆಲಸಕ್ಕೆ ಹಚ್ಚಿದರು. ಅವಳು ಆ ಅಧಿಕಾರವನ್ನು ಬಹಳ ಗಂಭೀರವಾಗಿ ತೆಗೆದುಕೊಂಡಳೆಂದು ಕೇಳಿದೆ.

ಆರು ತಿಂಗಳ ತಪಾಸಣೆಯಲ್ಲಿ ಹೊಸ ಗುಳಿ ಇರಲಿಲ್ಲ. ಕ್ಯಾಪ್‌ಗಳು ಭದ್ರ. ಎರಡು ಕೋರೆಹಲ್ಲುಗಳ ಗೆರೆ ಹೊಳಪು ಪಡೆದು ಗಟ್ಟಿಯಾಗಿತ್ತು. ಬಿಳುಪು ಪೂರ್ತಿ ಹೋಗಿಲ್ಲ, ಹೋಗಲೂಬೇಕಿಲ್ಲ. ಕೆಳಗಿನ ಬಲ ದವಡೆಹಲ್ಲಿನ ಗೆರೆ ಇನ್ನೂ ಒರಟಾಗಿಯೇ ಇತ್ತು. ಆ ಮೂಲೆಗೆ ಬ್ರಷ್ ಸರಿಯಾಗಿ ತಲುಪುತ್ತಿಲ್ಲ. ಊಟ ಈಗ ಬೇಗ ಮುಗಿಯುತ್ತದೆ, ತೂಕವೂ ಏರಿದೆ ಎಂದರು ಅಜ್ಜಿ. ಹಲ್ಲುನೋವಿದ್ದ ಮಕ್ಕಳು ಚಿಕಿತ್ಸೆಯ ನಂತರ ಚೆನ್ನಾಗಿ ತಿನ್ನುವುದು ಕಂಡದ್ದೇ. ಆದರೆ ಹಾಲು ಕಡಿಮೆಯಾದರೆ ಹಸಿವು ಹೆಚ್ಚುವುದೂ ಸಹಜ, ಆದ್ದರಿಂದ ಆ ಶ್ರೇಯವನ್ನು ಪೂರ್ತಿ ಹಲ್ಲಿಗೇ ಕೊಡಲಾರೆ. ಇದು ಒಂದೇ ಮನೆಯ ಕಥೆ. ಇಲ್ಲಿ ಕೆಲಸ ಮಾಡಿದ್ದು ಪೇಸ್ಟೋ, ಸಕ್ಕರೆ ನಿಂತದ್ದೋ, ವಾರ್ನಿಷ್ಷೋ ಎಂದು ಬೇರ್ಪಡಿಸಿ ಹೇಳಲೂ ಆಗದು.

ಸಂಜೆಯ ಬಿಸ್ಕತ್ತು ಹಾಗೇ ಉಳಿದಿದೆ. ಅದನ್ನು ಸದ್ಯಕ್ಕೆ ನಾನು ಮುಟ್ಟಿಲ್ಲ. ಕೆಳಗಿನ ಬಲ ದವಡೆಹಲ್ಲಿಗೆ ಮತ್ತೆ ವಾರ್ನಿಷ್ ಹಚ್ಚಿದ್ದೇನೆ, ಆ ಮೂಲೆಗೆ ಬ್ರಷ್ ಹಿಡಿಯುವ ಕೋನವನ್ನು ಈ ಸಲ ತಾಯಿ ಮತ್ತು ಅಜ್ಜಿ ಇಬ್ಬರಿಂದಲೂ ಮಾಡಿಸಿ ನೋಡಿದೆ. ಅಪಾಯ ಹೆಚ್ಚಿರುವ ಮಗುವಾದ್ದರಿಂದ ತಪಾಸಣೆ ಮೂರು ತಿಂಗಳಿಗೊಮ್ಮೆ. ಆರು ವರ್ಷದ ಹೊತ್ತಿಗೆ ಹಾಲುಹಲ್ಲುಗಳ ಹಿಂದೆ ಮೊದಲ ಶಾಶ್ವತ ದವಡೆಹಲ್ಲು ಸದ್ದಿಲ್ಲದೆ ಮೂಡುತ್ತದೆ. ಯಾವ ಹಲ್ಲೂ ಬೀಳದೆ ಬರುವುದರಿಂದ ಬಹಳಷ್ಟು ಮನೆಗಳಲ್ಲಿ ಅದನ್ನೂ ಹಾಲುಹಲ್ಲೆಂದೇ ತಿಳಿಯುತ್ತಾರೆ. ಆ ವಿಷಯವನ್ನು ಕಾರ್ಡಿನಲ್ಲಿ ಬರೆದು, ಈ ಸಲ ಅಜ್ಜಿಯ ಕೈಗೇ ಕೊಟ್ಟಿದ್ದೇನೆ.